ಯಾವಾಗಿಂದ ಹೀಗೆ

ಫೆಬ್ರವರಿ 11, 2025, ಮಂಗಳವಾರ

ಹೊಸ ವರ್ಷಕ್ಕೆಂದು ಪಂಚಾಯಿತಿ ಗ್ರಂಥಾಲಯಕ್ಕೆ ಯಾರೋ ಕೊಟ್ಟಿದ್ದ ಡೈರಿ ನನ್ನ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಮನೆಗೆ ತಂದೆ. ಇವತ್ತು ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸುತ್ತಿದೆ. ಎದುರಿಗೆ ಯಾರಾದರೂ ಬಂದು ಕೂತರೆ ಮಾತ್ರ ಬಾಯಿಂದ ಮಾತು ಹೊರಡುವುದಿಲ್ಲ.

ಯಜಮಾನರಿಗೆ ಆಲ್ಜೈಮರ್ ಕಾಯಿಲೆಯಂತೆ. ಹೊಸಕೋಟೆಯ ಡಾಕ್ಟರು ಚಂದನ ಹೇಳಿದರು. ಚಿಕ್ಕ ವಯಸ್ಸಿನವರು, ನಮ್ಮ ಹರ್ಷಿತಳಿಗಿಂತ ಸ್ವಲ್ಪ ದೊಡ್ಡವರಿರಬಹುದು. ಐವತ್ತೇಳು ವರ್ಷಕ್ಕೆಲ್ಲ ಇದು ಬರುತ್ತದಾ ಎಂದು ಕೇಳಿದೆ. ಅಪರೂಪ, ಆದರೆ ಬರುತ್ತದೆ ಎಂದರು.

ಹೋದ ವಾರ ಮನೆಯ ಫ್ಯೂಸು ಹೋಗಿತ್ತು. ಲೈನ್‌ಮನ್ ಆಗಿ ಸಮೇತನಹಳ್ಳಿ ಸುತ್ತಮುತ್ತಲಿಗೆಲ್ಲ ಮೂವತ್ತು ವರ್ಷ ಕರೆಂಟು ಕೊಟ್ಟವರು, ಕೈಯಲ್ಲಿ ಒಂದು ಚೂರು ತಂತಿ ಹಿಡಿದುಕೊಂಡು ಫ್ಯೂಸಿನ ಮುಂದೆ ನಿಂತೇ ಇದ್ದರು. ಏನಾಯಿತೆಂದು ಕೇಳಿದೆ. "ಇದು ಎಲ್ಲಿಗೆ ಹೋಗುತ್ತೆ?" ಅಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಮುಖ ನೋಡಿದ ಮೇಲೆ ತಂತಿಯನ್ನು ಕೈಯಿಂದ ತೆಗೆದುಕೊಂಡು, ಒಳಗೆ ಬನ್ನಿ ಊಟ ಮಾಡೋಣ ಅಂದೆ.

ಡಾಕ್ಟರು ಇವರಿಂದ ಗಡಿಯಾರದ ಚಿತ್ರ ಬರೆಸಿದರು. ಅಂಕಿಗಳೆಲ್ಲ ಒಂದೇ ಪಕ್ಕಕ್ಕೆ ಹೋಗಿ ಗುಂಪು ಕಟ್ಟಿದವು. ಆಮೇಲೆ ನನ್ನನ್ನು ಬೇರೆ ಕೂರಿಸಿಕೊಂಡು ಕೇಳಿದರು, ಯಾವಾಗಿಂದ ಹೀಗೆ ಎಂದು. ಸುಮಾರು ಒಂದು ವರ್ಷದಿಂದ ಅಂದೆ. ಹೋದ ಯುಗಾದಿಯಲ್ಲಿ ಬೇವು ತರಲು ಹೋದವರು ಪಕ್ಕದ ಬೀದಿಯಿಂದ ಮನೆಗೆ ಬರಲು ದಾರಿ ಕೇಳಿದ್ದರು. ಅದೇ ಮೊದಲು. ಮಗಳ ಮದುವೆಯಲ್ಲಿ ಹೇಗಿದ್ದರು ಎಂದರು. 2022ರ ಮೇ ತಿಂಗಳು. ಛತ್ರ, ಅಡಿಗೆಯವರು, ಆವತಿಯಿಂದ ಬೀಗರನ್ನು ಕರೆತರುವ ಬಸ್ಸು, ಎಲ್ಲವನ್ನೂ ಒಬ್ಬರೇ ನಿಂತು ನೋಡಿಕೊಂಡರು, ಒಂದು ಚಮಚ ಕಳೆಯಲಿಲ್ಲ ಎಂದು ಹೇಳಿದೆ. ಅದಕ್ಕೂ ಹಿಂದೆ? ಏನೂ ಇಲ್ಲ ಅಂದೆ.

ಅದಕ್ಕೂ ಹಿಂದೆ ನನ್ನ ಗರ್ಭಕೋಶದ ಆಪರೇಷನ್ ಆಗಿತ್ತು, ಕೊರೊನಾದ ಎರಡನೇ ಅಲೆಗೆ ಸ್ವಲ್ಪ ಮುಂಚೆ. ಇವರು ರಜೆ ಹಾಕಿ ರಾಗಿ ಗಂಜಿ ಕಾಯಿಸಿ ಕುಡಿಸಿದರು, ತಲೆ ಬಾಚಿದರು. ಒಂದು ಸಂಜೆ ನನ್ನ ಕಾಲ ಬಳಿ ಕೂತು, "ನೀನಿಲ್ದೆ ಹೋದ್ರೆ ನಾನು ಯಾರಿಗೋಸ್ಕರ ಮನೆಗೆ ಬರ್ಲಿ ನರ್ಸಾ" ಎಂದು ನನ್ನ ಹೆಸರು ಹಿಡಿದು ಅಂದರು. ಅಂಥ ಮಾತು ಆಡುವ ಮನುಷ್ಯರಲ್ಲ. ಅದನ್ನು ಡಾಕ್ಟರಿಗೆ ಹೇಳಲಿಲ್ಲ. ಕಾಯಿಲೆಗೂ ಅದಕ್ಕೂ ಏನು ಸಂಬಂಧ. ಅದು ನನ್ನದು.

ಫೆಬ್ರವರಿ 14, ಶುಕ್ರವಾರ

ಹರ್ಷಿತ ಬಂದಿದ್ದಳು. ದೇವನಹಳ್ಳಿಯ ಕಾಲೇಜಿನಲ್ಲಿ ಲ್ಯಾಬ್ ಕೆಲಸ, ಅರ್ಧ ದಿನ ರಜೆ ಹಾಕಿದ್ದಳಂತೆ. ಅಪ್ಪನ ಜೊತೆ ಕೂತು ಕಡಲೆಕಾಯಿ ಸುಲಿದಳು. ಇವರು ಅವಳಿಗೆ ತಮ್ಮ ಹಳೆಯ ಕಥೆ ಹೇಳಿದರು, ಗಾಳಿಮಳೆಗೆ ಕಂಬಗಳು ಬಿದ್ದ ವರ್ಷ ಎತ್ತಿನ ಗಾಡಿಯಲ್ಲಿ ತಂತಿ ಸಾಗಿಸಿದ್ದು. ಒಂದು ಮಾತೂ ತಪ್ಪಲಿಲ್ಲ. ಅವಳು ಹೊರಡುವಾಗ ಗೇಟಿನ ಹತ್ತಿರ ನಿಂತು, ಅಪ್ಪ ಚೆನ್ನಾಗೇ ಇದ್ದಾರಲ್ಲಮ್ಮ ಅಂದಳು. ನಾನೂ ಹೂಂ ಅಂದೆ.

ಫೆಬ್ರವರಿ 24, ಸೋಮವಾರ

ವಕೀಲರ ಹತ್ತಿರ ಹೋಗಿದ್ದೆವು. ಇವರ ಮೇಲಿನ ಕೇಸು ನೋಡುತ್ತಿರುವುದು ಭೀಮರಾಜ್ ಎಂಬ ವಕೀಲರು, ನಮ್ಮ ಕಡೆಯವರೇ.

ಆ ಕೇಸನ್ನು ಇಲ್ಲಿ ಬರೆದಿಲ್ಲ. ಬರೆದುಬಿಡುತ್ತೇನೆ. 2023ರ ಆಗಸ್ಟ್, ಶ್ರಾವಣ. ಕೆರೆ ಕೋಡಿಯ ಹತ್ತಿರ ಕಂಬದ ಮೇಲೆ ತಂತಿ ಸುಟ್ಟಿತ್ತು. ಇವರೂ ಆವಲಪ್ಪನೂ ಹೋದರು. ಹದಿನೈದು ವರ್ಷದಿಂದ ಜೊತೆಗೆ ಕೆಲಸ ಮಾಡಿದವರು. ಇವರು ಕೆಳಗಡೆ ಸ್ವಿಚ್ಚಿನ ಹಿಡಿಕೆ ಇಳಿಸಿ ಕರೆಂಟು ಬಂದ್ ಮಾಡಿದರು, ಆವಲಪ್ಪ ಹತ್ತಿದ. ಅವನು ಇನ್ನೂ ಮೇಲೆ ಇರುವಾಗಲೇ ಇವರು ಹಿಡಿಕೆ ಎತ್ತಿಬಿಟ್ಟರು. ಅವನು ಇಳಿದು ಟೀ ಕುಡಿಯೋಕೆ ಹೋದ ಅಂದುಕೊಂಡೆ ಎಂದು ಅವತ್ತು ಪೊಲೀಸರ ಮುಂದೆ ಹೇಳಿದರು. ಟೀ ಕುಡಿಯಲು ಹೋಗಿದ್ದು ಹಿಂದಿನ ದಿನವಂತೆ. ಅಂಗಡಿಯವನು ಹಾಗೆ ಹೇಳಿಕೆ ಕೊಟ್ಟಿದ್ದಾನೆ.

ಅವತ್ತಿನಿಂದ ಇವರು ಅಮಾನತಿನಲ್ಲಿದ್ದಾರೆ. ಕೋರ್ಟಿನಲ್ಲಿ ನಿರ್ಲಕ್ಷ್ಯದ ಕೇಸು, ಇಲಾಖೆಯಲ್ಲಿ ಬೇರೆ ವಿಚಾರಣೆ. ಶಿಕ್ಷೆಯಾದರೆ ಜೈಲು, ಕೆಲಸವಂತೂ ಹೋದಂತೆಯೇ.

ಭೀಮರಾಜ್ ಡಾಕ್ಟರ ಕಾಗದವನ್ನು ಎರಡು ಸಲ ಓದಿದರು. "ಒಂದು ವರ್ಷದಿಂದ ಅಂತ ಬರ್ದವ್ರಲ್ಲಮ್ಮ. ಅಂದ್ರೆ ಆವಲಪ್ಪ ಸತ್ತಾಗ ಯಜಮಾನ್ರು ನೆಟ್ಟಗಿದ್ರು ಅಂತಾಯ್ತು. ಇದನ್ನ ಕೊಟ್ರೆ ನಮಗೇ ಮುಳುವಾಗುತ್ತೆ."

ನಾನು ಕಾಗದವನ್ನು ವಾಪಸ್ಸು ತೆಗೆದುಕೊಂಡು ಮಡಿಸಿ ಚೀಲದಲ್ಲಿ ಇಟ್ಟೆ.

"ಸುಳ್ಳು ಹೇಳಿ ಅಂತ ನಾನು ಹೇಳ್ತಿಲ್ಲ. ಮನೇಲಿ ಕೂತು ನಿಧಾನಕ್ಕೆ ನೆನಪು ಮಾಡ್ಕೊಳ್ಳಿ. ಇಂಥ ಕಾಯ್ಲೆ ಒಂದಿನ ಬೆಳಿಗ್ಗೆ ಬಂದು ಬಾಗ್ಲು ತಟ್ಟಲ್ಲ. ಮುಂಚೆ ಏನಾದ್ರೂ ಇದ್ದೇ ಇರುತ್ತೆ."

ಬಸ್ಸಿನಲ್ಲಿ ಬರುವಾಗ ನೆನಪಾಯಿತು. ಮದುವೆಯ ದಿನ ಇವರು ಅಳಿಯ ವಿಜಯ್‌ನನ್ನು ವೆಂಕಟೇಶ ಎಂದು ಕರೆದರು. ವೆಂಕಟೇಶ ಇವರ ತೀರಿಹೋದ ತಮ್ಮ. ಎಲ್ಲರೂ ನಕ್ಕರು, ನಾನೂ ನಕ್ಕಿದ್ದೆ. ಅವತ್ತು ನಗುವಂಥದ್ದೇ ಆಗಿತ್ತು.

ಮಾರ್ಚ್ 3, ಸೋಮವಾರ

ಬಸ್ ನಿಲ್ದಾಣದಲ್ಲಿ ಮುತ್ಯಾಲಮ್ಮ ನಿಂತಿದ್ದಳು. ಆವಲಪ್ಪನ ಹೆಂಡತಿ. ಗಂಡ ಹೋದ ಮೇಲೆ ಅದೇ ಆಫೀಸಿನಲ್ಲಿ ಅವಳಿಗೆ ಅಟೆಂಡರ್ ಕೆಲಸ ಸಿಕ್ಕಿದೆ. ಮುಂಚೆ ಹಬ್ಬಕ್ಕೆ ಒಬ್ಬಟ್ಟು ಅವಳ ಮನೆಯಿಂದ ಬರುತ್ತಿತ್ತು, ಕಜ್ಜಾಯ ನಮ್ಮ ಮನೆಯಿಂದ ಹೋಗುತ್ತಿತ್ತು. ಒಂದೂವರೆ ವರ್ಷದಿಂದ ಮಾತಿಲ್ಲ.

ಇವತ್ತು ಅವಳೇ ಮಾತಾಡಿಸಿದಳು. "ಅಣ್ಣನಿಗೆ ಕಾಯ್ಲೆ ಅಂತೆ?"

ಹೂಂ ಅಂದೆ. ಯಾವಾಗಿಂದ ಎಂದಳು. ಅವಳ ಬಾಯಲ್ಲೂ ಅದೇ ಪ್ರಶ್ನೆ. ಬಹಳ ದಿನದಿಂದ ಇತ್ತು, ನಮಗೆ ಗೊತ್ತಾಗಲಿಲ್ಲ ಅಂದೆ. ಅವಳು ನನ್ನನ್ನೇ ನೋಡಿದಳು. ಬಸ್ಸು ಬಂತು, ಹತ್ತಿ ಹಿಂದಿನ ಸೀಟಿಗೆ ಹೋಗಿ ಕೂತಳು. ನಾನು ಮುಂದೆ ಕೂತೆ.

ಮಾರ್ಚ್ 19, ಬುಧವಾರ

ಬೆಂಗಳೂರಿನ ದೊಡ್ಡಾಸ್ಪತ್ರೆ. ಹರ್ಷಿತಳೂ ಬಂದಳು. ಬೆಳಿಗ್ಗೆ ಹೋದವರು ಸಂಜೆಯವರೆಗೂ ಅಲ್ಲೇ. ಸ್ಕ್ಯಾನ್ ಮಾಡಿದರು, ಪರೀಕ್ಷೆ ಮಾಡಿದರು. ಕೊನೆಗೆ ಇಬ್ಬರು ಡಾಕ್ಟರು ಒಟ್ಟಿಗೆ ಕೂತು ನನ್ನನ್ನು ಕೇಳತೊಡಗಿದರು. ಒಬ್ಬರು ತಲೆ ನೆರೆತವರು, ಇನ್ನೊಬ್ಬರು ಅವರ ಶಿಷ್ಯರಿರಬೇಕು. ಇಬ್ಬರ ಮುಂದೆಯೂ ಬೇರೆ ಬೇರೆ ಹಾಳೆ.

ಕೇಳುವ ರೀತಿ ಚೆನ್ನಾಗಿತ್ತು. ತಾರೀಕು ಕೇಳಲೇ ಇಲ್ಲ. ಲಾಕ್‌ಡೌನ್ ಸಮಯದಲ್ಲಿ ಹೇಗಿದ್ದರು? ಮೊಬೈಲಿನಲ್ಲಿ ಹಣ ಕಳಿಸುವುದು ಯಾರು ಕಲಿಸಿದರು, ಬೇಗ ಕಲಿತರಾ? ಗೌರಿ ಹಬ್ಬಕ್ಕೆ ಸಾಮಾನು ತಂದಾಗ ಏನಾದರೂ ಮರೆತರಾ? ಹೀಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಕರೆದುಕೊಂಡು ಹೋದರು. ಮದುವೆಯ ಮಾತು ಬಂತು. ಅಳಿಯನ ಹೆಸರೇ ಬರಲಿಲ್ಲ, ತೀರಿಹೋದ ತಮ್ಮನ ಹೆಸರಿಂದ ಕರೆಯುತ್ತಿದ್ದರು, ಬೀಗರು ಬಂದಾಗ ಇವರು ಯಾರು ಅಂತ ನನ್ನನ್ನು ಕೇಳಿದರು ಎಂದೆ.

ಹರ್ಷಿತ ತಡೆದಳು. "ಅಮ್ಮ, ಅಪ್ಪ ಬಾಯ್ತಪ್ಪಿ ಒಂದ್ಸಲ ವೆಂಕಟೇಶ ಅಂದ್ರು, ಅಷ್ಟೆ."

ನೀನು ಮಣೆಯ ಮೇಲೆ ಕೂತಿದ್ದೆ, ನಿನಗೇನು ಗೊತ್ತು ಅಂದೆ. ಬೀಗರಲ್ಲಿ ಒಬ್ಬರು ದೊಡ್ಡಪ್ಪ ಇದ್ದರು, ಅವರನ್ನು ಯಾರು ಎಂದು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಎಲ್ಲ ಮುಗಿದ ಮೇಲೆ ಸ್ಕ್ಯಾನಿನಲ್ಲಿ ಗೊತ್ತಾಗುವುದಿಲ್ಲವಾ ಎಂದು ಕೇಳಿದೆ. ಹಿರಿಯ ಡಾಕ್ಟರು ಕನ್ನಡಕ ತೆಗೆದರು. "ಮೆದುಳು ಕುಗ್ಗಿರೋದು ಕಾಣುತ್ತಮ್ಮ. ಯಾವತ್ತು ಶುರುವಾಯ್ತು ಅಂತ ಅದರ ಮೇಲೆ ಬರೆದಿರಲ್ಲ. ಒಳಗೆ ಶುರುವಾಗಿ ಎಷ್ಟೋ ವರ್ಷ ಆಗಿರುತ್ತೆ. ನಾವು ಬರೆಯೋದು, ಮನೆಯವರ ಕಣ್ಣಿಗೆ ಮೊದಲು ಬಿದ್ದಿದ್ದು ಯಾವಾಗ ಅಂತ ಅಷ್ಟೇ."

ಹಾಗಾದರೆ ನೀವು ಹೇಳುವುದು ಎಷ್ಟು ಗಟ್ಟಿ ಅಂದೆ. ವಕೀಲರು ಕೇಳುತ್ತಾರಲ್ಲ.

ಅವರು ಎರಡೂ ಹಾಳೆಗಳನ್ನು ನನ್ನ ಮುಂದೆ ಇಟ್ಟರು. "ನಾವಿಬ್ರೂ ಒಬ್ರನ್ನೊಬ್ರು ಕೇಳದೆ ಬರೆದಿದ್ದು. ನಾನು 2022ರ ಮಧ್ಯ ಅಂದೆ, ಅವ್ರು 2022ರ ಕೊನೆ ಅಂದ್ರು. ಅನುಭವ ಇರೋ ಡಾಕ್ಟರುಗಳು ಒಂದೇ ಕಥೆ ಕೇಳಿದ್ರೆ ಸಾಮಾನ್ಯವಾಗಿ ಇಷ್ಟು ಹತ್ರ ಬರ್ತಾರೆ. ಆದ್ರೆ ನಾವಿಬ್ರೂ ಒಪ್ಪಿದ್ವಿ ಅಂದ ಮಾತ್ರಕ್ಕೆ ಅದೇ ಸತ್ಯ ಅಂತ ತಿಳ್ಕೋಬೇಡಿ. ಇಬ್ರೂ ಕೇಳಿದ್ದು ನಿಮ್ಮ ಬಾಯಿಂದಲೇ."

2022 ಅಂದರೆ ಆವಲಪ್ಪನಿಗೆ ಒಂದು ವರ್ಷ ಮೊದಲು. ನನಗೆ ಅಷ್ಟೇ ಕೇಳಿಸಿದ್ದು. ಭೀಮರಾಜ್‌ಗೆ ಅಲ್ಲಿಂದಲೇ ಫೋನ್ ಮಾಡಿದೆ.

ಮಾರ್ಚ್ 21, ಶುಕ್ರವಾರ

ನಾನು ಫೋನಿನಲ್ಲಿ ಭೀಮರಾಜ್ ಜೊತೆ ಆಡಿದ ಮಾತು ಇವರ ಕಿವಿಗೆ ಬಿದ್ದಿದೆ. ಮಧ್ಯಾಹ್ನ ಮುದ್ದೆ ಉಣ್ಣುತ್ತಾ ಕೇಳಿದರು.

"ನಂಗೆ ಮದ್ವೆ ಟೈಮಿಂದ ತಲೆ ಸರಿ ಇರ್ಲಿಲ್ಲ ಅಂತ ಹೇಳ್ಬಿಟ್ಯಂತೆ."

ಡಾಕ್ಟರು ಹೇಳಿದ್ದು ಅಂದೆ.

"ಹಂಗಾದ್ರೆ ಹರ್ಷಿತನ ಮದ್ವೆ ಮಾಡಿದ್ದು ಯಾರು? ಧಾರೆ ಎರೆದಿದ್ದು ಯಾರು?"

ಜೈಲಿಗೆ ಹೋಗಬಾರದಲ್ಲ, ಅದಕ್ಕೆ ಅಂದೆ. ಇವರು ಅರ್ಧ ಮುದ್ದೆ ಬಿಟ್ಟು ಕೈ ತೊಳೆದರು.

"ಹಿಡಿಕೆ ಎತ್ತಿದ್ದು ನಾನು. ತಪ್ಪು ನಂದು. ಮಾಡಿದ ತಪ್ಪೂ ನಂದಲ್ಲ ಅಂದ್ರೆ ಇನ್ನು ನಂದು ಅಂತ ಏನು ಉಳೀತು?"

ಒಳ್ಳೆಯ ದಿನಗಳಲ್ಲಿ ಹೀಗೆ ಸ್ಪಷ್ಟವಾಗಿ ಮಾತಾಡುತ್ತಾರೆ. ಅದೇ ಕಷ್ಟ. ಕೋರ್ಟಿನಲ್ಲಿ ಹೀಗೆ ಮಾತಾಡಿಬಿಟ್ಟರೆ ಏನು ಗತಿ ಎಂದು ಯೋಚನೆಯಾಗಿದೆ.

ಮಾರ್ಚ್ 30, ಯುಗಾದಿ

ಬೇವು ಬೆಲ್ಲ ಕೊಟ್ಟೆ. ಎರಡು ಸಲ ತಿಂದರು, ಕೊಟ್ಟಿದ್ದು ಮರೆತು.

ಏಪ್ರಿಲ್ 16, ಬುಧವಾರ

ಇಲಾಖೆಯ ಕಡೆಯ ವಕೀಲರು ಹೊಸಕೋಟೆಯ ಆಸ್ಪತ್ರೆಯಿಂದ ಹಳೆಯ ಕಾಗದವನ್ನೂ ತರಿಸಿಕೊಂಡು ತಕರಾರು ತೆಗೆದಿದ್ದಾರೆ. ಹೊಸಕೋಟೆಯ ಡಾಕ್ಟರು 2024 ಅನ್ನುತ್ತಾರೆ, ಬೆಂಗಳೂರಿನವರು 2022 ಅನ್ನುತ್ತಾರೆ, ಒಬ್ಬನೇ ಮನುಷ್ಯನಿಗೆ ಕಾಯಿಲೆ ಎರಡು ಸಲ ಶುರುವಾಯಿತಾ ಎಂದು ಕೇಳಿದರಂತೆ. ಅದಕ್ಕೆ ಈಗ ಸರ್ಕಾರಿ ಡಾಕ್ಟರುಗಳ ಬೋರ್ಡು. ಅವರು ಹೇಳಿದ್ದೇ ಕೊನೆ.

ಡಾಕ್ಟರು ಚಂದನರ ಹತ್ತಿರ ಹೋಗಿ, ಮೊದಲು ಬರೆದಿದ್ದನ್ನು ಬದಲಾಯಿಸಲು ಆಗುತ್ತದಾ ಎಂದು ಕೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಅವತ್ತು ನೀವು ಹೇಳಿದ್ದನ್ನು ಬರೆದೆ, ಇವತ್ತು ಬೇರೆ ಹೇಳಿದರೆ ಅದನ್ನೂ ಇವತ್ತಿನ ತಾರೀಕು ಹಾಕಿ ಬರೆಯುತ್ತೇನೆ, ಹಳೆಯದನ್ನು ಅಳಿಸುವುದಿಲ್ಲ ಅಂದರು. ಅವತ್ತು ಮದುವೆಯಲ್ಲಿ ಏನೂ ಇರಲಿಲ್ಲ ಅಂದಿರಿ ಎಂದು ನೆನಪಿಸಿದರು. ಅವತ್ತು ಗಾಬರಿಯಲ್ಲಿ ನನಗೆ ಏನೂ ನೆನಪಾಗಿರಲಿಲ್ಲ ಅಂದೆ. ನಿಜವಾಗಿಯೂ ಹಾಗೇ. ಈಗ ಯೋಚನೆ ಮಾಡಿದಷ್ಟೂ ನೆನಪಾಗುತ್ತಿದೆ. ಛತ್ರದಲ್ಲಿ ಇವರು ಕೈಯಲ್ಲಿ ತೆಂಗಿನಕಾಯಿ ಹಿಡಿದುಕೊಂಡು ಕಂಬದ ಹತ್ತಿರ ಸುಮ್ಮನೆ ನಿಂತಿದ್ದರು. ದಣಿದಿದ್ದಾರೆ ಅಂದುಕೊಂಡಿದ್ದೆ.

ಮೇ 9, ಶುಕ್ರವಾರ

ಬಹಳ ದಿನದಿಂದ ಬರೆಯಲು ಆಗಿಲ್ಲ. ಇವರು ಹೊತ್ತು ಮುಳುಗುವಾಗ ಹೋಗಿ ಮನೆಯ ಮೇನ್ ಸ್ವಿಚ್ ಆಫ್ ಮಾಡುತ್ತಾರೆ. ಮೇಲೆ ಜನ ಇದ್ದಾರೆ, ಇಳಿಯಲಿ, ಆಮೇಲೆ ಕೊಡೋಣ ಅನ್ನುತ್ತಾರೆ. ನಾನು ಹಾಕುತ್ತೇನೆ, ಇವರು ತೆಗೆಯುತ್ತಾರೆ. ಮೊನ್ನೆ ಪಕ್ಕದ ಬೈರಣ್ಣನ ಮನೆಗೂ ಹೋಗಿ ತೆಗೆದರಂತೆ. ಅವನು ಒಳ್ಳೆಯವನು, ಸುಮ್ಮನಿದ್ದ. ಅವನ ಹೆಂಡತಿ ಸುಮ್ಮನಿರಲಿಲ್ಲ.

ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿಸಿದೆ. ಇವರು ಆ ಬೀಗ ಹಿಡಿದು ಅಲುಗಾಡಿಸುತ್ತಾ ಅತ್ತರು. ಮೂವತ್ತೆರಡು ವರ್ಷದಲ್ಲಿ ಅವರು ಅತ್ತಿದ್ದು ನಾನು ನೋಡಿರಲಿಲ್ಲ. ಕಾಯಿಲೆಯಲ್ಲಿ ಅಳುವುದೂ ಒಂದು ಲಕ್ಷಣ ಎಂದು ಆಸ್ಪತ್ರೆಯಲ್ಲಿ ಕೊಟ್ಟ ಪುಸ್ತಕದಲ್ಲಿದೆ.

ಸ್ನಾನ ಮಾಡಿಸುವಾಗ ಕೈ ಎತ್ತಿ ಹೊಡೆದರು. ತೋಳು ಕಂದಿದೆ. ಗ್ರಂಥಾಲಯಕ್ಕೆ ಉದ್ದ ತೋಳಿನ ರವಿಕೆ ಹಾಕಿಕೊಂಡು ಹೋದೆ.

ಜೂನ್ 12, ಗುರುವಾರ

ಬೋರ್ಡು ಇವತ್ತಿತ್ತು.

ಮೂರು ಜನ ಡಾಕ್ಟರು, ಇಲಾಖೆಯ ಕಡೆಯಿಂದ ಒಬ್ಬ ಅಧಿಕಾರಿ. ಭೀಮರಾಜ್ ಹೊರಗೆ ಕೂತರು, ಒಳಗೆ ಬಿಡಲಿಲ್ಲ. ಇವರಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಸಿದ್ದೆ. ಮೊದಲು ಇವರನ್ನು ಕೇಳಿದರು. ಆವಲಪ್ಪ ಯಾರು ಗೊತ್ತಾ ಎಂದರು.

"ಗೊತ್ತು. ಅವನ್ನ ಸಾಯ್ಸಿದ್ದು ನಾನೇ. ಕಾಯ್ಲೆ ಗೀಯ್ಲೆ ಏನೂ ಇಲ್ಲ. ಇವಳು ಹೇಳೋದ್ನ ಬರ್ಕೋಬೇಡಿ."

ನಡುವೆ ಕೂತಿದ್ದ ಡಾಕ್ಟರು ಮೆಲ್ಲಗೆ ತಲೆ ಆಡಿಸಿ, ಇದು ಯಾವ ಮಾಸ ಎಂದು ಕೇಳಿದರು. ಶ್ರಾವಣ ಅಂದರು ಇವರು. ಯಾವ ವರ್ಷ? ಉತ್ತರ ಬರಲಿಲ್ಲ. ಯಾವ ಊರಲ್ಲಿ ಕೂತಿದ್ದೀರಿ? "ಕೋಡಿ ಹತ್ರ" ಅಂದರು. ಡಾಕ್ಟರು ಏನೋ ಬರೆದುಕೊಂಡರು. ನನಗೆ ಉಸಿರು ಬಂತು.

ಆಮೇಲೆ ನನ್ನನ್ನು ಕೇಳಿದರು. ಮದುವೆಯದೆಲ್ಲ ಹೇಳಿದೆ. ಅದಕ್ಕೂ ಹಿಂದೆ ಏನಾದರೂ ಇತ್ತಾ, ಮರೆವೇ ಆಗಬೇಕಿಲ್ಲ, ಸ್ವಭಾವದಲ್ಲಿ ಏನಾದರೂ ಬದಲಾದಂತೆ ಅನ್ನಿಸಿತ್ತಾ ಎಂದು ಹೆಂಗಸೊಬ್ಬರು ಡಾಕ್ಟರು ಕೇಳಿದರು. ಆಗ ಹೊಳೆಯಿತು. ನನ್ನ ಆಪರೇಷನ್ ಆದಾಗ ಇವರು ನನ್ನ ಕಾಲ ಬಳಿ ಕೂತು ಮಾತಾಡಿದ್ದು. ಅದನ್ನು ಹೇಳಿದೆ. ಎಂದೂ ಒಂದು ಒಳ್ಳೆಯ ಮಾತು ಆಡದ ಗಂಡಸು, ಇದ್ದಕ್ಕಿದ್ದಂತೆ ತಲೆ ಬಾಚಿದರು, ನೀನಿಲ್ಲದಿದ್ದರೆ ಯಾರಿಗಾಗಿ ಮನೆಗೆ ಬರಲಿ ಅಂದರು, ಅದು ಅವರ ರೀತಿಯೇ ಅಲ್ಲ, ಅವತ್ತೇ ನನಗೆ ಏನೋ ಬೇರೆ ಅನ್ನಿಸಿತ್ತು ಎಂದೆ. ಡಾಕ್ಟರು ಎಲ್ಲವನ್ನೂ ಬರೆದುಕೊಂಡರು. ಯಾವ ವರ್ಷ ಎಂದರು. 2021ರ ಶುರುವಿನಲ್ಲಿ ಅಂದೆ.

ಇಲಾಖೆಯ ಅಧಿಕಾರಿ ಕೇಳಿದರು, ಅಷ್ಟು ಹಿಂದೆಯೇ ಗೊತ್ತಿದ್ದರೆ ಕಂಬದ ಕೆಲಸಕ್ಕೆ ಯಾಕೆ ಕಳಿಸಿದಿರಿ ಎಂದು. ಆ ಹೆಂಗಸು ಡಾಕ್ಟರೇ ನನ್ನ ಪರ ಮಾತಾಡಿದರು. ಆ ಕಾಲದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಹಿಂದಿರುಗಿ ನೋಡಿದಾಗಲೇ ಅದು ಕಾಯಿಲೆ ಎಂದು ಕಾಣುವುದು ಅಂದರು.

ಮೂವರಲ್ಲಿ ಇಬ್ಬರು 2021 ಅಂದರಂತೆ. ಒಬ್ಬರು ಮಾತ್ರ ಅಷ್ಟು ಹಿಂದಕ್ಕೆ ಒಪ್ಪದೆ 2022ರ ಕೊನೆ ಎಂದು ಬರೆದರಂತೆ. ಯಾವುದಾದರೂ ಸರಿಯೇ, ಆವಲಪ್ಪನಿಗೆ ಮೊದಲೇ ಆಯಿತಲ್ಲ ಎಂದು ಭೀಮರಾಜ್ ಕೈ ಉಜ್ಜಿಕೊಂಡರು. ಹೋಟೆಲಿನಲ್ಲಿ ಮೂವರೂ ದೋಸೆ ತಿಂದೆವು. ಇವರು ನನ್ನ ತಟ್ಟೆಯ ಚಟ್ನಿಯನ್ನೂ ತಿಂದರು.

ಮನೆಗೆ ಬಂದು ಬಟ್ಟೆ ಬದಲಾಯಿಸುವಾಗ ಇದ್ದಕ್ಕಿದ್ದಂತೆ ತುಂಬ ಸುಸ್ತಾಯಿತು. ಹೊರಟಾಗ ಏನೋ ಕೈಯಲ್ಲಿ ಇತ್ತು, ಎಲ್ಲೋ ಇಟ್ಟು ಮರೆತು ಬಂದೆ ಅನ್ನಿಸುತ್ತಿತ್ತು. ಚೀಲ ಹುಡುಕಿದೆ. ಎಲ್ಲವೂ ಇತ್ತು.

ಜುಲೈ 4, ಶುಕ್ರವಾರ

ಕೇಸು ಮುಗಿಯಿತು. ಕಾಯಿಲೆಯ ಮನುಷ್ಯ, ತನ್ನ ಕೆಲಸದ ಪರಿಣಾಮ ತಿಳಿಯುವ ಸ್ಥಿತಿಯಲ್ಲಿರಲಿಲ್ಲ ಎಂದು ಕೈಬಿಟ್ಟಿದ್ದಾರೆ. ಇಲಾಖೆಯವರೂ ಕಾಯಿಲೆಯ ಮೇಲೆ ನಿವೃತ್ತಿ ಎಂದು ಮಾಡಿದ್ದಾರೆ.

ಅವರ ವಿಚಾರಣೆಯ ವರದಿಯಲ್ಲಿ ಇನ್ನೊಂದು ಸಾಲು ಇದೆಯಂತೆ. ಮೃತ ನೌಕರನು ಮೇಲೆ ಹತ್ತುವ ಮೊದಲು ತಂತಿಯನ್ನು ನೆಲಕ್ಕೆ ಜೋಡಿಸಿ ಅರ್ತಿಂಗ್ ಮಾಡಿಕೊಳ್ಳಲಿಲ್ಲ, ಜೊತೆಯವನ ಸ್ಥಿತಿಯನ್ನೂ ಗಮನಿಸಲಿಲ್ಲ, ಆದ್ದರಿಂದ ಅಜಾಗರೂಕತೆ ಅವನದೇ ಎಂದು. ಭೀಮರಾಜ್ ಅದನ್ನು ಓದುವಾಗ ದನಿ ತಗ್ಗಿಸಿದರು. ಯಾರ ಮೇಲಾದರೂ ಹಾಕಲೇಬೇಕಲ್ಲಮ್ಮ, ಸತ್ತವರು ಅಪೀಲು ಹಾಕುವುದಿಲ್ಲ ಅಂದರು.

ಇವರಿಗೆ ಹೇಳಿದೆ, ಎಲ್ಲ ಸರಿಹೋಯಿತು ಎಂದು. ಆಯಿತು ಅಂದರು. ಏನು ಎಂದು ಕೇಳಲಿಲ್ಲ. ಎಷ್ಟೋ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದೆ.

ಜುಲೈ 13, ಭಾನುವಾರ

ಹರ್ಷಿತ, ವಿಜಯ್ ಬಂದಿದ್ದರು. ಅಡಿಗೆ ಮಾಡುವಾಗ ಅವಳಿಗೆ ಬೋರ್ಡಿನ ವಿಷಯ ಎಲ್ಲ ಹೇಳಿದೆ, ಆಪರೇಷನ್ನಿನ ಸಂಗತಿಯೂ ಸೇರಿ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು.

"ಅದನ್ನ ನೀನು ಎಷ್ಟು ಸಲ ಹೇಳಿದ್ಯಮ್ಮ ನಂಗೆ. ಅಪ್ಪ ಅಂಥ ಮಾತು ಆಡಿದ್ರು ಅಂತ ಹೇಳುವಾಗ ನಿನ್ನ ಮುಖ ಹೆಂಗಿರ್ತಿತ್ತು ಗೊತ್ತಾ?"

ಆಗ ಅದು ಕಾಯಿಲೆ ಅಂತ ನನಗೆ ತಿಳಿದಿರಲಿಲ್ಲ ಅಂದೆ.

"ಇನ್ನೂ ಎಷ್ಟು ಹಿಂದಕ್ಕೆ ಹೋಗ್ತೀಯ? ನಂಗೆ ಅಪ್ಪ ಅಂತ ಇದ್ದಿದ್ದು ಯಾವಾಗಿನವರೆಗೆ, ಅದನ್ನಾದ್ರೂ ಹೇಳ್ಬಿಡು."

ಅವಳಿಗೆ ಈಗ ಮೂರು ತಿಂಗಳು. ಬಸುರಿಯರು ಸಣ್ಣದಕ್ಕೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಊಟ ಮಾಡದೆ ಹೊರಟಳು. ವಿಜಯ್ ಡಬ್ಬಿಗೆ ಹಾಕಿಸಿಕೊಂಡು ಹೋದ. ಗಾಡಿ ಹೊರಟ ಮೇಲೂ ಇವರು ಗೇಟಿನ ಹತ್ತಿರ ಕೈ ಎತ್ತಿಕೊಂಡೇ ನಿಂತಿದ್ದರು. ಹಿಡಿದು ಒಳಗೆ ತಂದೆ.

ಜುಲೈ 29, ಮಂಗಳವಾರ

ಇವರು ಆಡಿದ್ದಕ್ಕೆಲ್ಲ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಹೂಂ ಅಂದರೆ ಸಾಕು. ಹಸಿವು ಅನ್ನುತ್ತಾರೆ, ತಿಂದಿರುತ್ತಾರೆ. ಹೊಟ್ಟೆನೋವು ಅನ್ನುತ್ತಾರೆ, ಇರುವುದಿಲ್ಲ. ನಿನ್ನೆ ನಾಲ್ಕೈದು ಸಲ ಕಾಲು ನೋವು ಅಂದರು. ಇವತ್ತು ಸ್ನಾನ ಮಾಡಿಸುವಾಗ ನೋಡಿದರೆ ಹಿಮ್ಮಡಿಯಲ್ಲಿ ಮುಳ್ಳು ಮುರಿದು ಕೀವಾಗಿತ್ತು. ಊರಿನ ಆಸ್ಪತ್ರೆಯ ನರ್ಸ್ ಒಬ್ಬರನ್ನು ಕರೆಸಿ ತೆಗೆಸಿದೆ. ಈ ಕಾಯಿಲೆಯಲ್ಲಿ ಯಾವುದನ್ನು ನಂಬುವುದು, ಯಾವುದನ್ನು ಬಿಡುವುದು.

ಆಗಸ್ಟ್ 17, ಭಾನುವಾರ

ಮುತ್ಯಾಲಮ್ಮ ಬಂದಿದ್ದಳು. ಎರಡು ವರ್ಷದ ಮೇಲೆ ನಮ್ಮ ಹೊಸ್ತಿಲು ದಾಟಿದ್ದು ಇವತ್ತು. ಬೆಳಿಗ್ಗೆ ಆವಲಪ್ಪನ ಎಡೆ ಇಟ್ಟು ಬಂದಿದ್ದಳು, ಹಣೆಯಲ್ಲಿ ವಿಭೂತಿ ಇತ್ತು. ನಾನು ಚಾಪೆ ಹಾಕಿದೆ. ಕಾಫಿ ಬೇಡ ಅಂದಳು.

ವರದಿಯಲ್ಲಿ ಏನಿದೆ ಎಂದು ಆಫೀಸಿನಲ್ಲಿ ಓದಿ ಹೇಳಿದರಂತೆ. ಸಾಹೇಬರ ಟೇಬಲ್ಲಿಗೆ ನೀರು ಇಡಲು ಹೋದಾಗ ಗುಮಾಸ್ತರೊಬ್ಬರು ಕರೆದು ಹೇಳಿದ್ದು. ಅಂದಿನಿಂದ ಕಾದು ಇವತ್ತು ಬಂದಿದ್ದಾಳೆ. ಜಗಳಕ್ಕೆ ಬಂದಿದ್ದಾಳೆ ಅಂದುಕೊಂಡೆ. ದನಿಯನ್ನೇ ಏರಿಸಲಿಲ್ಲ.

"ಅಣ್ಣನಿಗೆ ಕಾಯ್ಲೆ. ಡಾಕ್ಟ್ರುಗಳೆಲ್ಲ ಒಪ್ಪವ್ರೆ. ಸರಿ ಅಕ್ಕ, ಜೈಲಿಗೆ ಹೋಗ್ಲಿ ಅಂತ ನಾನೂ ಕೇಳ್ಕೊಂಡಿರ್ಲಿಲ್ಲ. ಆದ್ರೆ ಅವ್ನೇ ನೋಡ್ದೆ ಹತ್ತಿದ ಅಂತ ಬರ್ದವ್ರೆ. ಹಂಗಾದ್ರೆ ನನ್ ಗಂಡನ್ನ ಸಾಯ್ಸಿದ್ದು ನನ್ ಗಂಡನೇನಾ?"

ನಾವು ಹಾಗೆ ಬರೆಯಿರಿ ಅಂತ ಹೇಳಿಲ್ಲ ಮುತ್ಯಾಲಮ್ಮ ಅಂದೆ. ಅದು ಇಲಾಖೆಯವರು ಬರೆದುಕೊಂಡಿದ್ದು.

"ನನ್ ಮಗ ಕೇಳ್ತಾನೆ. ಏನ್ ಹೇಳ್ಲಿ ಅವ್ನಿಗೆ?"

ಅಷ್ಟರಲ್ಲಿ ಇವರು ಒಳಗಿನಿಂದ ಬಂದರು. ಲುಂಗಿ ಸರಿಯಾಗಿ ಉಟ್ಟಿರಲಿಲ್ಲ, ಎದ್ದು ಹೋಗಿ ಕಟ್ಟಿದೆ. ಇವರು ನನ್ನನ್ನು ಸರಿಸಿ ಅವಳ ಎದುರಿಗೆ ಹೋಗಿ ಕೆಳಗೆ ಕೂತರು. ಬಹಳ ಹೊತ್ತು ಮುಖ ನೋಡಿದರು.

"ಆವಲಪ್ಪನ ಮನೆಯೋಳಲ್ವೇನಮ್ಮ."

ಹೌದಣ್ಣ ಅಂದಳು.

"ಅವ್ನು ಸರಿಯಾಗೇ ಹತ್ತಿದ. ನೋಡ್ಕೊಂಡೇ ಹತ್ತಿದ. ಕೂಗು ಹಾಕಿ ಹಿಡಿಕೆ ಇಳ್ಸಿದ್ಯಾ ಅಂತ ಕೇಳ್ದ, ಇಳ್ಸಿದ್ದೀನಿ ಹತ್ತು ಅಂದೆ. ಆಮೇಲೆ ಎತ್ತಿದ್ದು ನಾನು. ತಲೆ ಎತ್ತಿ ನೋಡ್ಬೇಕಾಗಿತ್ತು, ನೋಡ್ಲಿಲ್ಲ. ಅವ್ನದೇನೂ ತಪ್ಪಿಲ್ಲಮ್ಮ. ನಂದೇ."

ಮನಸ್ಸಿಗೆ ಹಾಕಿಕೊಳ್ಳಬೇಡ, ಅವರಿಗೆ ಏನೂ ಗೊತ್ತಾಗುವುದಿಲ್ಲ, ಕಾಯಿಲೆ ಹೀಗೆಲ್ಲ ಮಾತಾಡಿಸುತ್ತದೆ ಎಂದು ಅವಳ ಭುಜ ಹಿಡಿದೆ. ಅವಳು ನನ್ನ ಕೈ ತೆಗೆದಳು.

"ಸುಮ್ನಿರಕ್ಕ. ನೀನು ಸ್ವಲ್ಪ ಸುಮ್ನಿರು." ಇವರ ಕಡೆಗೆ ತಿರುಗಿ, "ಇನ್ನೊಂದ್ಸಲ ಹೇಳಣ್ಣ" ಅಂದಳು.

ಇವರು ಮತ್ತೆ ಹೇಳಿದರು. ಒಂದು ಅಕ್ಷರ ಹೆಚ್ಚು ಕಡಿಮೆ ಇಲ್ಲದೆ ಅದನ್ನೇ ಹೇಳಿದರು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಇವರೂ ಅತ್ತರು. ಆಮೇಲೆ ಅವಳು ಎದ್ದು, ನನ್ನ ಮಗನನ್ನ ಕರ್ಕೊಂಡು ಬರ್ತೀನಿ, ಅವ್ನಿಗೂ ಹೇಳಣ್ಣ ಎಂದು ಕೈ ಮುಗಿದು ಹೊರಟಳು. ಬಂದಾಗ ಇದ್ದ ಮುಖ ಹೋಗುವಾಗ ಇರಲಿಲ್ಲ.

ಅವಳು ಬೀದಿ ತಿರುಗುವ ಮೊದಲೇ ಇವರು, ಬಂದಿದ್ದವರು ಯಾರು ಎಂದು ನನ್ನನ್ನು ಕೇಳಿದರು. ನೋಡಿ, ಹೀಗೆ. ಕೂಗಿ ಕೇಳಿದ ಎಂಬ ಮಾತನ್ನು ಇವರು ಪೊಲೀಸರ ಮುಂದೆಯಾಗಲಿ ನನ್ನ ಮುಂದೆಯಾಗಲಿ ಎಂದೂ ಹೇಳಿರಲಿಲ್ಲ. ಈ ಕಾಯಿಲೆಯವರು ಇಲ್ಲದ್ದನ್ನು ಕಟ್ಟಿ ಹೇಳುತ್ತಾರೆ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ.

ಪಾಪ, ಮುತ್ಯಾಲಮ್ಮ ಅದನ್ನು ನಿಜವೆಂದೇ ನಂಬಿಕೊಂಡು ಹೋದಳು. ನಾಳೆ ಗ್ರಂಥಾಲಯಕ್ಕೆ ಹೋಗುವ ಮುಂಚೆ ಅವಳ ಮನೆಗೆ ಹೋಗಬೇಕು. ಮಗನನ್ನು ಕರೆತರುವುದು ಬೇಡ, ಅದು ಅವರ ಮಾತಲ್ಲ ಎಂದು ಬಿಡಿಸಿ ಹೇಳಿ ಬರುತ್ತೇನೆ.